ಶಾಲೆ ಮತ್ತೆ ತೆರೆದಾಗ: 2020ರ ಜಪಾನ್‌ನಲ್ಲಿ ಮಕ್ಕಳ ಆತ್ಮಹತ್ಯೆ, ಒಂದು ಪ್ರಕರಣ ಅಧ್ಯಯನ

ಕೊರೊನಾ ಕಾಲದಲ್ಲಿ ಮಕ್ಕಳ ಮನಸ್ಸು ಹೆಚ್ಚು ನಲುಗಿದ್ದು ಯಾವಾಗ ಎಂದು ಯಾರನ್ನೇ ಕೇಳಿ, ಉತ್ತರ ತುದಿನಾಲಗೆಯಲ್ಲೇ ಇರುತ್ತದೆ: ಶಾಲೆಗೆ ಬೀಗ ಬಿದ್ದಾಗ, ನಾಲ್ಕು ಗೋಡೆಗಳ ನಡುವೆ ಕೂರಿಸಿದಾಗ, ಗೆಳೆಯರೆಲ್ಲ ಮೊಬೈಲ್ ಪರದೆಯೊಳಗೆ ಸೇರಿಹೋದಾಗ. ಬೇಸರ, ಒಂಟಿತನ, ನಿದ್ದೆಗೇಡುಗಳ ಮಟ್ಟಿಗೆ ಈ ಉತ್ತರ ಸರಿಯೇ ಇರಬಹುದು. ಆದರೆ ಆತ್ಮಹತ್ಯೆಯ ವಿಷಯಕ್ಕೆ ಬಂದರೆ ಜಪಾನ್‌ನ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಅಲ್ಲಿ ಶಾಲೆ ಮುಚ್ಚಿದ್ದ ತಿಂಗಳುಗಳಲ್ಲಿ ಮಕ್ಕಳ ಆತ್ಮಹತ್ಯೆ ಏರಲಿಲ್ಲ. ಏರಿದ್ದು ಶಾಲೆ ತೆರೆದು, ಎಲ್ಲವೂ ಮಾಮೂಲಿಗೆ ಬಂತು ಎಂದು ದೊಡ್ಡವರು ಉಸಿರು ಬಿಟ್ಟ ಮೇಲೆ.

ಇದು ನಮಗೆ ಗೊತ್ತಾಗಲು ಒಂದೇ ಕಾರಣ, ಜಪಾನ್ ಪ್ರತಿ ತಿಂಗಳೂ ಎಣಿಸುತ್ತದೆ. ಪೊಲೀಸರು ದಾಖಲಿಸಿದ ಪ್ರಕರಣಗಳ ತಾತ್ಕಾಲಿಕ ಅಂಕಿ ಮುಂದಿನ ತಿಂಗಳಲ್ಲೇ ಸಾರ್ವಜನಿಕರ ಮುಂದೆ ಬರುತ್ತದೆ. ವರ್ಷದ ಮೊತ್ತವನ್ನಷ್ಟೇ ನೋಡುವವರಿಗೆ 2020 ಒಂದು ಸಣ್ಣ ಏರಿಕೆಯ ವರ್ಷವಾಗಿ ಕಾಣುತ್ತದೆ. ತಿಂಗಳುವಾರು ಬಿಡಿಸಿ ನೋಡಿದರೆ ಒಂದೇ ವರ್ಷದೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅವಧಿಗಳು ಕಾಣುತ್ತವೆ. ಈ ಬರಹ ಆ ಎರಡನೆಯ ಅವಧಿಯ ಬಗ್ಗೆ.

ಗಂಡಸರಿಗಾಗಿ ಕಟ್ಟಿದ ವ್ಯವಸ್ಥೆ

1998ರಲ್ಲಿ ಜಪಾನ್‌ನ ಆತ್ಮಹತ್ಯೆಗಳ ಸಂಖ್ಯೆ ಒಮ್ಮೆಗೇ 30,000 ದಾಟಿತು. ಬ್ಯಾಂಕುಗಳು ಕುಸಿದಿದ್ದವು, ಕಂಪನಿಗಳು ದಿವಾಳಿಯಾಗಿದ್ದವು, ನೌಕರಿ ಕಳೆದುಕೊಂಡ ನಡುವಯಸ್ಸಿನ ಗಂಡಸರು ಸಾಲದ ಹೊರೆಯಲ್ಲಿ ಸಿಕ್ಕಿಬಿದ್ದಿದ್ದರು. ಅಲ್ಲಿಂದ 14 ವರ್ಷ ಆ ಸಂಖ್ಯೆ 30,000ಕ್ಕಿಂತ ಕೆಳಗಿಳಿಯಲೇ ಇಲ್ಲ. 2003ರಲ್ಲಿ 34,427ಕ್ಕೆ ಮುಟ್ಟಿತು. ಅದುವರೆಗೆ ಆತ್ಮಹತ್ಯೆ ಎಂದರೆ ಅವರವರ ಮನೆಯ ವಿಷಯ, ಸರ್ಕಾರಕ್ಕೆ ಅದರಲ್ಲೇನು ಕೆಲಸ ಎನ್ನುವ ಧೋರಣೆಯಿತ್ತು. ಅದನ್ನು ಮುರಿದವರು ಮನೆಯವರನ್ನು ಕಳೆದುಕೊಂಡ ಕುಟುಂಬಗಳು. ಲೈಫ್‌ಲಿಂಕ್ ಎಂಬ ಸಂಸ್ಥೆಯ ಮುಂದಾಳುತನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಹಿಗಳು ಸಂಗ್ರಹವಾದವು, 2006ರಲ್ಲಿ ಆತ್ಮಹತ್ಯೆ ತಡೆಗೆಂದೇ ಒಂದು ಕಾನೂನು ಬಂತು. ಸಾಲದ ಸಲಹಾ ಕೇಂದ್ರ, ನಿರುದ್ಯೋಗಿಗಳಿಗೆ ನೆರವು, ಖಿನ್ನತೆಯ ತಪಾಸಣೆ, ಊರುಮಟ್ಟದ ಯೋಜನೆ ಒಂದೊಂದಾಗಿ ಕೂಡಿಕೊಂಡವು. 2012ರಲ್ಲಿ ಸಂಖ್ಯೆ 30,000ಕ್ಕಿಂತ ಕೆಳಗಿಳಿಯಿತು. 2019ರಲ್ಲಿ 20,169. ಪೊಲೀಸರು 1978ರಲ್ಲಿ ಲೆಕ್ಕ ಇಡಲಾರಂಭಿಸಿದ ಮೇಲೆ ಅಷ್ಟು ಕಡಿಮೆ ಸಂಖ್ಯೆ ಕಂಡದ್ದು ಅದೇ ಮೊದಲು.

ಜಗತ್ತಿನಲ್ಲಿ ಇಂಥ ಯಶಸ್ಸು ತೋರಿಸಿದ ದೇಶಗಳು ಹೆಚ್ಚಿಲ್ಲ. ಆದರೆ ಈ ವ್ಯವಸ್ಥೆ ಕೆಲಸ ಕಳೆದುಕೊಂಡ, ಸಾಲಗಾರ, ನಡುವಯಸ್ಸಿನ ಗಂಡಸನ್ನು ಕಣ್ಣಮುಂದಿಟ್ಟುಕೊಂಡು ಕಟ್ಟಿದ್ದು. ಮೊತ್ತ ಇಳಿಯುತ್ತಿದ್ದಾಗಲೂ 20ರ ಒಳಗಿನವರ ಆತ್ಮಹತ್ಯೆಯ ಪ್ರಮಾಣ ಇಳಿಯಲಿಲ್ಲ, ಕೊರೊನಾಕ್ಕೆ ಮೊದಲಿನ ಕೆಲವು ವರ್ಷಗಳಲ್ಲಿ ಮೆಲ್ಲಗೆ ಏರುತ್ತಲೂ ಇತ್ತು. 15ರಿಂದ 39ರ ವಯಸ್ಸಿನವರ ಸಾವಿಗೆ ಮೊದಲ ಕಾರಣ ಆತ್ಮಹತ್ಯೆ ಎಂದು ಅಲ್ಲಿನ ಸರ್ಕಾರಿ ವರದಿಗಳೇ ಬರೆಯುತ್ತಿದ್ದವು. ಒಟ್ಟು ಸಂಖ್ಯೆಯ ಇಳಿಕೆ ಅದನ್ನು ಮರೆಮಾಡಿತ್ತು.

ಸೆಪ್ಟೆಂಬರ್ 1ರ ಪಾಠ

ಶಾಲೆಗೂ ಮಕ್ಕಳ ಆತ್ಮಹತ್ಯೆಗೂ ಇರುವ ನಂಟು ಜಪಾನ್‌ಗೆ ಮೊದಲೇ ಗೊತ್ತಿತ್ತು. 2015ರಲ್ಲಿ ಸರ್ಕಾರ 1972ರಿಂದ 2013ರವರೆಗಿನ 42 ವರ್ಷಗಳ ದಾಖಲೆಗಳನ್ನು ತೆಗೆದು, 18ರ ಒಳಗಿನವರ 18,048 ಸಾವುಗಳನ್ನು ವರ್ಷದ ಯಾವ ದಿನ ಆದದ್ದು ಎಂದು ಹಂಚಿ ನೋಡಿತು. ದಿನಕ್ಕೆ ಸರಾಸರಿ 49ರ ಹತ್ತಿರ ಬರಬೇಕಾದ ಕಡೆ ಸೆಪ್ಟೆಂಬರ್ 1ರ ಸಾಲಿನಲ್ಲಿ 131 ಇತ್ತು. ಹಿಂದಿನ ದಿನ 92, ಮರುದಿನ 94. ಸೆಪ್ಟೆಂಬರ್ 1 ಎಂದರೆ ಬೇಸಿಗೆ ರಜೆ ಮುಗಿದು ಎರಡನೇ ಅವಧಿಯ ತರಗತಿಗಳು ಶುರುವಾಗುವ ದಿನ. ಹೊಸ ಶೈಕ್ಷಣಿಕ ವರ್ಷ ತೊಡಗುವ ಏಪ್ರಿಲ್‌ನ ಎರಡನೇ ವಾರದಲ್ಲೂ ಅಂಥದ್ದೇ ಇನ್ನೊಂದು ಏರು ಇತ್ತು.

ಆ ವರ್ಷದ ಆಗಸ್ಟ್ ಕೊನೆಯಲ್ಲಿ ಕಾಮಾಕುರಾ ಊರಿನ ಸಾರ್ವಜನಿಕ ಗ್ರಂಥಾಲಯ ಟ್ವಿಟರ್‌ನಲ್ಲಿ ನಾಲ್ಕು ಸಾಲು ಬರೆಯಿತು. ಇನ್ನೇನು ಶಾಲೆ ಶುರುವಾಗುತ್ತದೆ, ಸತ್ತೇ ಹೋಗುವಷ್ಟು ಕಷ್ಟ ಎನ್ನಿಸುವ ಮಕ್ಕಳು ಶಾಲೆ ಬಿಟ್ಟು ಗ್ರಂಥಾಲಯಕ್ಕೆ ಬನ್ನಿ, ಕಾಮಿಕ್ಸ್ ಪುಸ್ತಕಗಳಿವೆ, ದಿನವಿಡೀ ಕೂತರೂ ಯಾರೂ ಏನೂ ಕೇಳುವುದಿಲ್ಲ ಎಂಬುದು ಅದರ ತಾತ್ಪರ್ಯ. ದೇಶದ ತುಂಬ ಅದು ಹರಿದಾಡಿತು. ಈ ವಿಷಯದಲ್ಲಿ ನಾನು ಓದಿದ ಎಷ್ಟೋ ಮಾರ್ಗಸೂಚಿಗಳಿಗಿಂತ ಈ ನಾಲ್ಕು ಸಾಲುಗಳಲ್ಲಿ ಕೆಲಸಕ್ಕೆ ಬರುವ ತಿಳಿವಳಿಕೆ ಹೆಚ್ಚಿದೆ ಎನ್ನಿಸುತ್ತದೆ. ಇಂಥ ಜಾಗ ಇದೆ, ಇಂಥ ದಿನ ಬರಬಹುದು, ಬಂದರೆ ವಿಚಾರಣೆ ಇಲ್ಲ ಎಂದಷ್ಟೇ ಅದು ಹೇಳಿತು.

ಅಂದರೆ 2020ರ ಹೊತ್ತಿಗೆ ಜಪಾನ್‌ನ ಶಿಕ್ಷಣ ಇಲಾಖೆಗೆ ಒಂದು ಸಂಗತಿ ಖಚಿತವಾಗಿ ಗೊತ್ತಿತ್ತು. ದೀರ್ಘ ರಜೆಯ ನಂತರ ಶಾಲೆಗೆ ಮರಳುವ ದಿನ ಅಪಾಯದ ದಿನ. ಆ ವರ್ಷ ಅಂಥ ಮರಳುವಿಕೆ ಒಂದಕ್ಕಿಂತ ಹೆಚ್ಚು ಬಾರಿ ಬಂತು.

ಫೆಬ್ರುವರಿಯಿಂದ ಜೂನ್

2020ರ ಫೆಬ್ರುವರಿ 27ರ ಸಂಜೆ ಪ್ರಧಾನಿ ಶಿಂಜೊ ಅಬೆ, ದೇಶದ ಎಲ್ಲ ಶಾಲೆಗಳನ್ನು ಮಾರ್ಚ್ 2ರಿಂದ ಮುಚ್ಚುವಂತೆ ಕೋರಿದರು. ಅದು ಗುರುವಾರ, ಮುಚ್ಚಬೇಕಾದದ್ದು ಸೋಮವಾರ. ಜಪಾನ್‌ನಲ್ಲಿ ಶೈಕ್ಷಣಿಕ ವರ್ಷ ಮುಗಿಯುವುದು ಮಾರ್ಚ್‌ನಲ್ಲಿ. ಹೀಗಾಗಿ ಮಕ್ಕಳು ವಿದಾಯ ಹೇಳದೆ ತರಗತಿ ಬಿಟ್ಟರು, ಬೀಳ್ಕೊಡುಗೆ ಸಮಾರಂಭಗಳು ತಂದೆತಾಯಿ, ಕಿರಿಯ ವಿದ್ಯಾರ್ಥಿಗಳಿಲ್ಲದೆ ಮೊಟಕಾಗಿ ನಡೆದವು. ಏಪ್ರಿಲ್ 7ರಂದು ಟೋಕಿಯೊ, ಒಸಾಕಾ ಸೇರಿ ಏಳು ಪ್ರಾಂತಗಳಲ್ಲಿ ತುರ್ತು ಪರಿಸ್ಥಿತಿ, 16ರಂದು ಇಡೀ ದೇಶಕ್ಕೆ ಅದರ ವಿಸ್ತರಣೆ. ನಮ್ಮಲ್ಲಿದ್ದಂಥ ಲಾಕ್‌ಡೌನ್ ಅದಲ್ಲ, ರಸ್ತೆಯಲ್ಲಿ ಲಾಠಿ ಹಿಡಿದ ಪೊಲೀಸರಿರಲಿಲ್ಲ. ಆದರೂ ಜನ ಮನೆಯಲ್ಲೇ ಉಳಿದರು. ಮೇ 25ರಂದು ತುರ್ತು ಪರಿಸ್ಥಿತಿ ತೆರವಾಯಿತು, ಜೂನ್‌ನಲ್ಲಿ ಶಾಲೆಗಳು ಬಹುತೇಕ ತೆರೆದವು.

ಈ ಅವಧಿಯ ಆತ್ಮಹತ್ಯೆಯ ಲೆಕ್ಕವನ್ನು ತಕಾನಾವೊ ತನಾಕಾ ಮತ್ತು ಶೋಹೆಯಿ ಒಕಾಮೊಟೊ ಎಂಬ ಸಂಶೋಧಕರು ಹಿಂದಿನ ವರ್ಷಗಳ ಜೊತೆ ಹೋಲಿಸಿ 2021ರ ಆರಂಭದಲ್ಲಿ ಪ್ರಕಟಿಸಿದರು. ಫೆಬ್ರುವರಿಯಿಂದ ಜೂನ್‌ವರೆಗೆ ಆತ್ಮಹತ್ಯೆಯ ಪ್ರಮಾಣ ಶೇ 14ರಷ್ಟು ಇಳಿದಿತ್ತು. ಮಕ್ಕಳ ಮೇಲಷ್ಟೇ ಗಮನವಿಟ್ಟ ಇನ್ನೊಂದು ಅಧ್ಯಯನಕ್ಕೂ ಶಾಲೆ ಮುಚ್ಚಿದ್ದ ಮಾರ್ಚ್‌ನಿಂದ ಮೇವರೆಗೆ ಏರಿಕೆ ಕಾಣಲಿಲ್ಲ. ದೊಡ್ಡವರಲ್ಲಿ ಇಳಿದದ್ದಕ್ಕೆ ಕೆಲವು ಊಹೆಗಳಿವೆ. ಕಚೇರಿಯ ದುಡಿಮೆಯ ಗಂಟೆಗಳು ಕಡಿಮೆಯಾದವು, ಗಿಜಿಗುಡುವ ರೈಲಿನ ಪ್ರಯಾಣ ತಪ್ಪಿತು, ಸರ್ಕಾರ ತಲೆಗೆ ಒಂದು ಲಕ್ಷ ಯೆನ್ ಕೊಟ್ಟಿತು. ದೊಡ್ಡ ವಿಪತ್ತು ಬಂದಾಗ ಮೊದಲಿಗೆ ಜನ ಒಗ್ಗೂಡುತ್ತಾರೆ, ಕಷ್ಟ ಎಲ್ಲರಿಗೂ ಒಂದೇ ಎನ್ನುವ ಭಾವನೆ ಕೆಲಕಾಲ ಆಸರೆಯಾಗುತ್ತದೆ ಎಂಬುದು ಭೂಕಂಪಗಳ ನಾಡಾದ ಜಪಾನ್‌ಗೆ ಹೊಸದಲ್ಲ.

ಆಗ ಹೊರಗಿನ ಜಗತ್ತಿನಲ್ಲೂ ಸಮಾಧಾನದ ಮಾತೇ ಕೇಳಿಬಂತು. 21 ದೇಶಗಳ ಅಂಕಿಗಳನ್ನು ಒಟ್ಟುಗೂಡಿಸಿದ ಒಂದು ದೊಡ್ಡ ಅಧ್ಯಯನ 2021ರ ಏಪ್ರಿಲ್‌ನಲ್ಲಿ ಬಂತು. ಸಾಂಕ್ರಾಮಿಕದ ಮೊದಲ ತಿಂಗಳುಗಳಲ್ಲಿ ಆತ್ಮಹತ್ಯೆ ಹೆಚ್ಚಿಲ್ಲ ಎಂದು ಅದು ಹೇಳಿತು. ಅದು ಸುಳ್ಳಲ್ಲ. ಆದರೆ ಅದು ನೋಡಿದ್ದು 2020ರ ಏಪ್ರಿಲ್‌ನಿಂದ ಜುಲೈವರೆಗೆ. ಜಪಾನ್‌ನಲ್ಲಿ ಗಾಳಿ ತಿರುಗಿದ್ದು ಸರಿಯಾಗಿ ಆ ಜುಲೈನಲ್ಲಿ.

ಜುಲೈನಿಂದಾಚೆ

ಅದೇ ತನಾಕಾ–ಒಕಾಮೊಟೊ ಲೆಕ್ಕದಲ್ಲಿ ಜುಲೈನಿಂದ ಅಕ್ಟೋಬರ್‌ವರೆಗೆ ಆತ್ಮಹತ್ಯೆ ಶೇ 16ರಷ್ಟು ಏರಿತು. ಹೆಂಗಸರಲ್ಲಿ ಏರಿಕೆ ಶೇ 37. ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 49. ಆಗಸ್ಟ್‌ನಲ್ಲಿ ಶಾಲಾ ಮಕ್ಕಳ ಸಾವು ಹಿಂದಿನ ವರ್ಷದ ಆಗಸ್ಟ್‌ನ ಎರಡು ಪಟ್ಟಿನಷ್ಟಾಗಿತ್ತು. ಕಳೆದುಹೋದ ಪಾಠಗಳನ್ನು ತುಂಬಿಸಿಕೊಳ್ಳಲು ಬೇಸಿಗೆ ರಜೆಯನ್ನು ಅನೇಕ ಶಾಲೆಗಳು ಎರಡು ಮೂರು ವಾರಗಳಿಗೆ ಇಳಿಸಿದ್ದರಿಂದ ಆ ವರ್ಷ ಎರಡನೇ ಅವಧಿ ಆಗಸ್ಟ್‌ನಲ್ಲೇ ಶುರುವಾಗಿತ್ತು. ಸೆಪ್ಟೆಂಬರ್ 1ರ ಅಪಾಯ ಹದಿನೈದು ದಿನ ಮುಂಚೆಯೇ ಬಂದಿತ್ತು ಎನ್ನಬಹುದು.

ಅಕ್ಟೋಬರ್‌ನ ತಾತ್ಕಾಲಿಕ ಅಂಕಿ 2,153 ಎಂದು ಬಂದಾಗ ವಿದೇಶಿ ವಾಹಿನಿಗಳು ಒಂದು ತಲೆಬರಹ ಕಂಡುಕೊಂಡವು: ಅದುವರೆಗೆ ಕೊರೊನಾದಿಂದ ಸತ್ತವರಿಗಿಂತ ಒಂದೇ ತಿಂಗಳಲ್ಲಿ ಆತ್ಮಹತ್ಯೆಯಿಂದ ಸತ್ತವರು ಹೆಚ್ಚು. ಲಾಕ್‌ಡೌನ್ ವಿರೋಧಿಗಳು ಅದನ್ನು ಹಿಡಿದುಕೊಂಡು ಲೋಕವೆಲ್ಲ ಸುತ್ತಿದರು. ಅಂಕಿ ನಿಜ, ಹೋಲಿಕೆ ಮಾತ್ರ ಕಣ್ಣಿಗೆ ಮಣ್ಣೆರಚುವಂಥದ್ದು. ಆವರೆಗಿನ ದಾಖಲೆಯ ಕನಿಷ್ಠ ವರ್ಷವಾದ 2019ರಲ್ಲೂ ಜಪಾನ್‌ನಲ್ಲಿ ತಿಂಗಳಿಗೆ ಸರಾಸರಿ 1,680 ಆತ್ಮಹತ್ಯೆಗಳಾಗುತ್ತಿದ್ದವು. ಕೊರೊನಾ ಸಾವುಗಳನ್ನು ಜಪಾನ್ ಆವರೆಗೆ ಅಸಾಧಾರಣವಾಗಿ ಕಡಿಮೆ ಇಟ್ಟಿತ್ತು ಎಂಬುದನ್ನಷ್ಟೇ ಆ ಹೋಲಿಕೆ ತೋರಿಸುತ್ತದೆ. ಗಮನಿಸಬೇಕಾದ ಅಂಕಿ ಅದೇ ಪಟ್ಟಿಯಲ್ಲಿತ್ತು: ಆ ತಿಂಗಳು ಸತ್ತ ಹೆಂಗಸರು 851, ಹಿಂದಿನ ವರ್ಷದ ಅಕ್ಟೋಬರ್‌ಗಿಂತ ಶೇ 82ಕ್ಕೂ ಹೆಚ್ಚು.

ವರ್ಷದ ಕೊನೆಗೆ ಮೊತ್ತ 21,081. ಹನ್ನೊಂದು ವರ್ಷಗಳಲ್ಲಿ ಮೊದಲ ಏರಿಕೆ. ಗಂಡಸರ ಸಂಖ್ಯೆ ತುಸು ಇಳಿದಿತ್ತು, ಹೆಂಗಸರದು 935 ಹೆಚ್ಚಿ 7,026 ಆಗಿತ್ತು. ಶಾಲಾ ಮಕ್ಕಳ ಸಾಲು ಹೀಗಿತ್ತು: ಪ್ರಾಥಮಿಕ ಶಾಲೆಯವರು 14, ಮಾಧ್ಯಮಿಕ ಶಾಲೆಯವರು 146, ಹೈಸ್ಕೂಲಿನವರು 339, ಒಟ್ಟು 499. ಹಿಂದಿನ ವರ್ಷ ಅದು 399. ಅಲ್ಲಿನ ಹೈಸ್ಕೂಲು ಎಂದರೆ ನಮ್ಮ ಲೆಕ್ಕದಲ್ಲಿ ಹತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ. ಆ ವಯಸ್ಸಿನ ಹುಡುಗಿಯರ ಸಂಖ್ಯೆ ಒಂದೇ ವರ್ಷದಲ್ಲಿ 80ರಿಂದ 140ಕ್ಕೆ ಜಿಗಿದಿತ್ತು. ಕೋಟಿಗಟ್ಟಲೆ ಜನರ ದೇಶದಲ್ಲಿ ಇದು ಸಣ್ಣ ಸಂಖ್ಯೆ ಎಂದು ಹೇಳುವವರಿದ್ದಾರೆ. ಸಾವಿಗೆ ಮುಟ್ಟದ ಪ್ರಯತ್ನಗಳು, ಯಾರಿಗೂ ಹೇಳದ ಯೋಚನೆಗಳು ಈ ಸಂಖ್ಯೆಯ ಹಿಂದೆ ಎಷ್ಟೋ ಪಟ್ಟು ಇರುತ್ತವೆ ಎಂಬುದನ್ನು ಅವರು ಮರೆಯುತ್ತಾರೆ. ಅಲ್ಲಿನ ರಾಷ್ಟ್ರೀಯ ಮಕ್ಕಳ ಆರೋಗ್ಯ ಕೇಂದ್ರ ಆ ವರ್ಷದ ಕೊನೆಯಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಉತ್ತರಿಸಿದ ಹೈಸ್ಕೂಲು ಮಕ್ಕಳ ಪೈಕಿ ಶೇ 30ರಷ್ಟು, ಮಾಧ್ಯಮಿಕ ಶಾಲೆಯವರ ಪೈಕಿ ಶೇ 24ರಷ್ಟು ಮಂದಿಯಲ್ಲಿ ಮಧ್ಯಮ ಅಥವಾ ಅದಕ್ಕೂ ಮೀರಿದ ಖಿನ್ನತೆಯ ಲಕ್ಷಣಗಳಿದ್ದವು.

ಮರಳಿದ್ದು ಯಾವ ಶಾಲೆಗೆ?

ಜೂನ್‌ನಲ್ಲಿ ತೆರೆದ ಶಾಲೆ ಫೆಬ್ರುವರಿಯಲ್ಲಿ ಮುಚ್ಚಿದ ಶಾಲೆಯಾಗಿರಲಿಲ್ಲ. ಮೂರು ತಿಂಗಳ ಪಾಠವನ್ನು ಉಳಿದ ತಿಂಗಳುಗಳಿಗೆ ತುರುಕಲಾಗಿತ್ತು, ಕೆಲವೆಡೆ ಶನಿವಾರವೂ ತರಗತಿ. ಪರೀಕ್ಷೆ ಉಳಿಯಿತು, ಪರೀಕ್ಷೆಯನ್ನು ಸಹ್ಯವಾಗಿಸುತ್ತಿದ್ದವೆಲ್ಲ ಹೋದವು. ಶಾಲಾ ಪ್ರವಾಸ ರದ್ದು, ವಾರ್ಷಿಕೋತ್ಸವ ರದ್ದು. ಹೈಸ್ಕೂಲು ಹುಡುಗರ ಅಖಿಲ ಜಪಾನ್ ಬೇಸಿಗೆ ಬೇಸ್‌ಬಾಲ್ ಪಂದ್ಯಾವಳಿ, ಅಂದರೆ ಊರಿಗೆ ಊರೇ ಟಿ.ವಿ. ಮುಂದೆ ಕೂರುವ ಕೋಶಿಯೆನ್, ಎರಡನೇ ಮಹಾಯುದ್ಧದ ನಂತರ ಮೊದಲ ಬಾರಿಗೆ ನಿಂತಿತು. ಮೇ 20ರಂದು ಆ ಪ್ರಕಟಣೆ ಬಂದಾಗ ಮೂರನೇ ವರ್ಷದ ಆಟಗಾರರಿಗೆ ಅದು ಮುಂದೂಡಿಕೆಯಾಗಿರಲಿಲ್ಲ, ಅವರ ಪಾಲಿಗೆ ಮುಂದಿನ ವರ್ಷ ಎಂಬುದೇ ಇರಲಿಲ್ಲ.

ಮಧ್ಯಾಹ್ನದ ಊಟವನ್ನೇ ನೋಡಿ. ಜಪಾನ್‌ನ ಶಾಲೆಗಳಲ್ಲಿ ಮಕ್ಕಳು ಡೆಸ್ಕುಗಳನ್ನು ಎದುರುಬದುರು ಜೋಡಿಸಿ, ತಾವೇ ಬಡಿಸಿಕೊಂಡು, ಹರಟುತ್ತ ಉಣ್ಣುತ್ತಾರೆ. ಅಂಜುಬುರುಕ ಮಗುವಿಗೂ ದಿನಕ್ಕೊಮ್ಮೆ ಇನ್ನೊಬ್ಬರ ಜೊತೆ ಮಾತಾಡುವ ಸಂದರ್ಭ ಅಲ್ಲಿ ತಾನಾಗಿ ಒದಗುತ್ತಿತ್ತು. 2020ರ ಜೂನ್ ನಂತರ ಎಲ್ಲರೂ ಕರಿಹಲಗೆಯತ್ತ ಮುಖ ಮಾಡಿ, ಮುಂದಿನವರ ಬೆನ್ನು ನೋಡುತ್ತ, ಮಾತಿಲ್ಲದೆ ಉಂಡು ಮುಗಿಸಬೇಕಿತ್ತು. ಮಾತಾಡಿ ಉಣ್ಣಬಹುದು ಎಂದು ಶಿಕ್ಷಣ ಸಚಿವಾಲಯ ಸ್ಪಷ್ಟವಾಗಿ ತಿಳಿಸಿದ್ದು 2022ರ ನವೆಂಬರ್‌ನಲ್ಲಿ. ಎರಡೂವರೆ ವರ್ಷ! ಏಪ್ರಿಲ್‌ನಲ್ಲಿ ಹೊಸ ಶಾಲೆ ಸೇರಿದ ಮಗು ಪಕ್ಕದವರ ಮುಖವನ್ನು ಮಾಸ್ಕ್ ಇಲ್ಲದೆ ಕಾಣದೆ ತಿಂಗಳುಗಳನ್ನು ಕಳೆಯಿತು. ಮನೆಯಲ್ಲಿದ್ದಾಗ ಒಂಟಿತನಕ್ಕೆ ಒಂದು ಕಾರಣವಾದರೂ ಇತ್ತು, ಎಲ್ಲರೂ ಒಂಟಿ ಎಂಬ ಸಮಾಧಾನವಿತ್ತು. ನಲವತ್ತು ಮಕ್ಕಳ ನಡುವೆ ಕೂತು ಒಂಟಿಯಾದರೆ ತಪ್ಪು ತನ್ನದೇ ಎಂದು ಮಗು ತಿಳಿಯುತ್ತದೆ.

ಇದರ ಮೇಲೆ, 2021ರ ಜನವರಿಯಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ಹೊಸ ಮಾದರಿಯ ಸಾಮಾನ್ಯ ಪರೀಕ್ಷೆ ಮೊದಲ ಬಾರಿಗೆ ನಡೆಯಬೇಕಿತ್ತು. ಹಳೆಯ ಪ್ರಶ್ನೆಪತ್ರಿಕೆಗಳ ಆಸರೆಯಿಲ್ಲದ ಮೊದಲ ತಂಡ ಈ ಮಕ್ಕಳೇ. ಪೊಲೀಸ್ ದಾಖಲೆಗಳಲ್ಲಿ ಶಾಲಾ ಮಕ್ಕಳ ಸಾವಿಗೆ ಹೆಚ್ಚಾಗಿ ನಮೂದಾದ ಕಾರಣಗಳು ಓದಿನಲ್ಲಿ ಹಿಂದುಳಿಕೆ, ಮುಂದಿನ ಓದಿನ ಚಿಂತೆ, ಹೆತ್ತವರ ಜೊತೆ ವಿರಸ. ಕೊರೊನಾ ಎಂಬ ಕಾರಣ ಎಲ್ಲಿಯೂ ಮೊದಲ ಸಾಲಿನಲ್ಲಿಲ್ಲ. ಹಳೆಯ ಕಾರಣಗಳೇ, ಆದರೆ ಅವನ್ನು ತಡೆದು ಹಿಡಿಯುತ್ತಿದ್ದ ಆಸರೆಗಳು ಇರಲಿಲ್ಲ. ಆತ್ಮಹತ್ಯೆಗೆ ಒಂದೇ ಕಾರಣ ಹುಡುಕುವುದು ಸಾಮಾನ್ಯವಾಗಿ ದಾರಿತಪ್ಪಿಸುವ ಕೆಲಸ. ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು.

ಹುಡುಗಿಯರೇ ಏಕೆ ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿಲ್ಲ. ಆದರೆ ಅವರ ಅಮ್ಮಂದಿರ ಸ್ಥಿತಿಯನ್ನು ನೋಡದೆ ಅದನ್ನು ಯೋಚಿಸಲು ಆಗದು. ಹೋಟೆಲು, ಅಂಗಡಿ, ಪ್ರವಾಸೋದ್ಯಮಗಳಲ್ಲಿ ಖಾಯಂ ಅಲ್ಲದ ಕೆಲಸ ಮಾಡುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು, ಮೊದಲು ಮನೆಗೆ ಕಳುಹಿಸಿದ್ದೂ ಅವರನ್ನೇ. ಕೌಟುಂಬಿಕ ಹಿಂಸೆಯ ದೂರುಗಳು ಒಂದೂವರೆ ಪಟ್ಟಿಗೂ ಮೀರಿದವು. ಮನೆಯಲ್ಲೇ ಇರಿ ಎಂಬ ಮಾತು ಮನೆ ಸುರಕ್ಷಿತ ಎಂದು ಭಾವಿಸಿಕೊಂಡು ಹೇಳಿದ್ದು. ಕುಡಿದು ಹೊಡೆಯುವ ಅಪ್ಪನಿರುವ ಮನೆಯ ಹುಡುಗಿಗೆ ಶಾಲೆಯ ದಾರಿ, ಗೆಳತಿಯ ಕೋಣೆ, ಸಂಜೆಯ ಟ್ಯೂಷನ್ ಇವೇ ಉಸಿರಾಡುವ ಜಾಗಗಳು. ಟೋಕಿಯೊದ ಕಾಬುಕಿಚೊ ಬಡಾವಣೆಯ ಒಂದು ಸಿನಿಮಾ ಕಟ್ಟಡದ ಪಕ್ಕ, ಮನೆ ಬಿಟ್ಟು ಬಂದ ಹದಿಹರೆಯದವರ ಗುಂಪು ಬೆಳೆದದ್ದು ಈ ವರ್ಷಗಳಲ್ಲೇ. ಅವರನ್ನು ಪುಂಡರೆಂದು ತೋರಿಸಿದ ಟಿ.ವಿ. ಕಾರ್ಯಕ್ರಮಗಳು ಬಹಳ, ಯಾವ ಮನೆಯಿಂದ ಬಂದರು ಎಂದು ಕೇಳಿದವು ಕಡಿಮೆ.

ಅಮೆರಿಕದ ಮೂವರು ಅರ್ಥಶಾಸ್ತ್ರಜ್ಞರು 2022ರ ಕೊನೆಯಲ್ಲಿ ಪ್ರಕಟಿಸಿದ ಲೆಕ್ಕವೂ ಇದೇ ದಿಕ್ಕಿನದು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಹದಿಹರೆಯದವರ ಆತ್ಮಹತ್ಯೆ ಅಲ್ಲಿ ತಟ್ಟನೆ ಇಳಿಯಿತು, ತರಗತಿಗಳು ಮತ್ತೆ ತೆರೆದಂತೆ ಶೇ 12ರಿಂದ 18ರಷ್ಟು ಏರಿತು. ಶಾಲೆಯಲ್ಲಿನ ಕಿರುಕುಳವೂ ಒಂದು ಕಾರಣವಿರಬಹುದೆಂದು ಅವರ ಅಂದಾಜು. ಇದನ್ನು ಓದಿ ಶಾಲೆ ಮುಚ್ಚಿಟ್ಟರೆ ಒಳ್ಳೆಯದು ಎಂದು ತೀರ್ಮಾನಿಸುವುದು ಹುಚ್ಚುತನ. ಶಾಲೆ ಕೆಲವು ಮಕ್ಕಳನ್ನು ಕಾಯುತ್ತದೆ, ಕೆಲವು ಮಕ್ಕಳನ್ನು ಹಿಂಡುತ್ತದೆ. ಎರಡೂ ಬಗೆಯ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ.

ಸುದ್ದಿಯ ಪಾಲು

ಜುಲೈ ನಡುವಿನಲ್ಲೊಬ್ಬ, ಸೆಪ್ಟೆಂಬರ್ ಕೊನೆಯಲ್ಲೊಬ್ಬರು, ಹೀಗೆ ಇಬ್ಬರು ಜನಪ್ರಿಯ ಕಲಾವಿದರು ಆ ವರ್ಷ ಆತ್ಮಹತ್ಯೆಯಿಂದ ತೀರಿಕೊಂಡರು. ಹೆಸರು ಇಲ್ಲಿ ಬೇಕಾಗಿಲ್ಲ. ಆತ್ಮಹತ್ಯೆ ತಡೆಗೆಂದು ಸರ್ಕಾರ ನೇಮಿಸಿದ್ದ ಸಂಶೋಧನಾ ಕೇಂದ್ರ ಅಕ್ಟೋಬರ್ 21ರಂದು ಹೊರತಂದ ತುರ್ತು ವರದಿಯಲ್ಲಿ ಮೂರು ಸಂಗತಿಗಳನ್ನು ಎತ್ತಿ ತೋರಿಸಿತು: ಕುಟುಂಬದ ಜೊತೆ ಇದ್ದೂ ಸತ್ತ ಹೆಂಗಸರ ಏರಿಕೆ, ಆಗಸ್ಟ್‌ನಲ್ಲಿ ಹೈಸ್ಕೂಲು ಹುಡುಗಿಯರ ಏರಿಕೆ, ಮತ್ತು ಕಲಾವಿದರ ಸಾವಿನ ಸುದ್ದಿಯ ಬೆನ್ನಿಗೆ ಬಂದ ಏರಿಕೆ. ಘಟನೆ ನಡೆಯುತ್ತಿರುವಾಗಲೇ, ಅದೇ ವರ್ಷದ ಅಂಕಿಗಳ ಮೇಲೆ ಇಂಥ ವರದಿ ಬರುವುದು ಬಹಳ ಅಪರೂಪ. ಸಾವಿನ ವಿಧಾನ ವಿವರಿಸಬೇಡಿ, ಮನೆಯ ಮುಂದೆ ಕ್ಯಾಮೆರಾ ಇಡಬೇಡಿ, ಸಹಾಯವಾಣಿ ಕೊಡಿ ಎಂದು ಮಾಧ್ಯಮಗಳಿಗೆ ಮತ್ತೆ ಮತ್ತೆ ಮನವಿ ಹೋಯಿತು. ಕೆಲವರು ಪಾಲಿಸಿದರು.

ನಾವು ಈ ಬಗ್ಗೆ ಜಪಾನ್‌ಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ. 2020ರ ಜೂನ್‌ನಲ್ಲಿ ಮುಂಬಯಿಯ ನಟರೊಬ್ಬರ ಸಾವನ್ನು ನಮ್ಮ ಸುದ್ದಿವಾಹಿನಿಗಳು ತಿಂಗಳುಗಟ್ಟಲೆ ಹಬ್ಬದಂತೆ ಆಚರಿಸಿದವು. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಆತ್ಮಹತ್ಯೆ ವರದಿಗೆ ಮಾರ್ಗಸೂಚಿ ಮಾಡಿತ್ತು. ಆದರೆ ಅದರ ಕೈ ಪತ್ರಿಕೆಗಳವರೆಗೆ ಮಾತ್ರ ಚಾಚುತ್ತದೆ, ಟಿ.ವಿ.ಗೆ ಮುಟ್ಟುವುದಿಲ್ಲ.

ಏನು ಮಾಡಿದರು

ಹದಿನಾರರ ಹುಡುಗಿ ಸಹಾಯವಾಣಿಗೆ ಫೋನ್ ಮಾಡುವುದಿಲ್ಲ. ಪಕ್ಕದ ಕೋಣೆಯಲ್ಲಿ ಅಪ್ಪ ಅಮ್ಮ ಇದ್ದಾರೆ, ಗೋಡೆ ತೆಳು. ಜಪಾನ್ ಇದನ್ನು ಕಲಿತದ್ದು 2017ರ ಒಂದು ಭೀಕರ ಪ್ರಕರಣದಿಂದ. ಸಾಯಬೇಕೆನಿಸುತ್ತದೆ ಎಂದು ಟ್ವಿಟರ್‌ನಲ್ಲಿ ಬರೆದುಕೊಂಡಿದ್ದ ಎಳೆಯರನ್ನು ಹುಡುಕಿ, ನಂಬಿಸಿ, ಒಬ್ಬಾತ ಒಂಬತ್ತು ಮಂದಿಯನ್ನು ಕೊಂದಿದ್ದ. ಕೇಳುವವರಿಗಾಗಿ ಅಂತರ್ಜಾಲದಲ್ಲಿ ಹುಡುಕುತ್ತಿದ್ದ ಮಕ್ಕಳಿಗೆ ಮೊದಲು ಸಿಕ್ಕಿದವನು ಕೊಲೆಗಾರ. 2018ರ ಮಾರ್ಚ್‌ನಿಂದ ಸರ್ಕಾರ ಸಂದೇಶ ಆ್ಯಪ್‌ಗಳ ಮೂಲಕ ಆಪ್ತ ಸಮಾಲೋಚನೆಗೆ ಹಣ ಕೊಡತೊಡಗಿತು. 2020ರ ಮಾರ್ಚ್‌ನಲ್ಲಿ, ಶಾಲೆಗಳು ಮುಚ್ಚಿದ ತಿಂಗಳಲ್ಲೇ, ಕೋಕಿ ಓಝೋರಾ ಎಂಬ ಕಾಲೇಜು ವಿದ್ಯಾರ್ಥಿ ‘ಅನಾತಾ ನೋ ಇಬಾಶೊ’ ಎಂಬ ಉಚಿತ ಚಾಟ್ ಸೇವೆ ಶುರುಮಾಡಿದ. ಹೆಸರು ಹೇಳಬೇಕಿಲ್ಲ, ದಿನದ 24 ಗಂಟೆಯೂ ತೆರೆದಿರುತ್ತದೆ. ನಡುರಾತ್ರಿಯ ಒತ್ತಡ ನಿಭಾಯಿಸಲು ವಿದೇಶಗಳಲ್ಲಿರುವ ಜಪಾನೀಯರನ್ನು ಸ್ವಯಂಸೇವಕರಾಗಿ ಸೇರಿಸಿಕೊಂಡರು. ಟೋಕಿಯೊದ ರಾತ್ರಿ ಎರಡು ಗಂಟೆ ಯುರೋಪಿನಲ್ಲಿರುವವರಿಗೆ ಸಂಜೆ. ಕಾಸು ಹೆಚ್ಚು ಬೇಡದ, ತಲೆ ಬೇಕಾದ ಉಪಾಯ ಇದು. ಬೆಂಗಳೂರಿನ ಯಾವುದೇ ಸಂಸ್ಥೆ ಅಮೆರಿಕದ ಕನ್ನಡ ಕೂಟಗಳ ನೆರವಿನಿಂದ ಇದನ್ನು ಮಾಡಬಹುದು, ಕೂಟಗಳು ವರ್ಷಕ್ಕೊಂದು ರಾಜ್ಯೋತ್ಸವಕ್ಕಷ್ಟೇ ಇರಬೇಕೆಂದೇನೂ ಇಲ್ಲವಲ್ಲ.

2021ರ ಫೆಬ್ರುವರಿ 12ರಂದು ಪ್ರಧಾನಿ ಯೋಶಿಹಿದೆ ಸುಗಾ ಒಂಟಿತನ ನಿವಾರಣೆಯ ಹೊಣೆಯನ್ನು ಸಚಿವ ತೆತ್ಸುಶಿ ಸಕಾಮೊಟೊ ಅವರಿಗೆ ವಹಿಸಿದರು. ಒಂಟಿತನಕ್ಕೂ ಒಬ್ಬ ಸಚಿವನೇ ಎಂದು ನಕ್ಕವರುಂಟು. 2023ರಲ್ಲಿ ಅದಕ್ಕೊಂದು ಕಾನೂನೂ ಬಂತು, 2024ರ ಏಪ್ರಿಲ್‌ನಿಂದ ಜಾರಿಯಾಯಿತು.

ನಮ್ಮ ಕಡೆಯ ಲೆಕ್ಕ

ಕರ್ನಾಟಕದಲ್ಲಿ 2020ರ ಮಾರ್ಚ್ ನಡುವಿನಲ್ಲಿ ಶಾಲೆಗಳು ಮುಚ್ಚಿದವು. ತೆಲಂಗಾಣ, ತಮಿಳುನಾಡು ಹತ್ತನೇ ತರಗತಿ ಪರೀಕ್ಷೆ ರದ್ದು ಮಾಡಿದಾಗ ನಮ್ಮ ಸರ್ಕಾರ ಜೂನ್ 25ರಿಂದ ಎಸ್ಸೆಸ್ಸೆಲ್ಸಿ ನಡೆಸಿಯೇ ತೀರಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ನೋಂದಾಯಿಸಿದ್ದರು. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ತರಗತಿಗಳು 2021ರ ಜನವರಿ 1ರಂದು ತೆರೆದವು, ಎರಡನೇ ಅಲೆಯಲ್ಲಿ ಮತ್ತೆ ಮುಚ್ಚಿದವು. ಪಿಯುಸಿ ಪರೀಕ್ಷೆ ರದ್ದಾಯಿತು, ಎಸ್ಸೆಸ್ಸೆಲ್ಸಿಯನ್ನು ಜುಲೈ 19 ಮತ್ತು 22ರ ಎರಡು ದಿನಕ್ಕೆ ಇಳಿಸಿದರು. ಮುಚ್ಚಿದ, ತೆರೆದ, ಮುಂದೂಡಿದ, ಮತ್ತೆ ಘೋಷಿಸಿದ ಈ ದಿನಾಂಕಗಳ ಸುತ್ತ ನಮ್ಮ ಮಕ್ಕಳಿಗೆ ಏನಾಯಿತು ಎಂದು ತಿಂಗಳುವಾರು ನೋಡಲು ನಮ್ಮ ಬಳಿ ಜಪಾನ್‌ನಂಥ ಪಟ್ಟಿಯಿಲ್ಲ.

ಇರುವುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿ. ಅದರ ಪ್ರಕಾರ 2020ರಲ್ಲಿ ದೇಶದಲ್ಲಿ 18ರ ಒಳಗಿನ 11,396 ಮಂದಿ ಆತ್ಮಹತ್ಯೆಯಿಂದ ಸತ್ತರು, 2019ರಲ್ಲಿ 9,613. ವಿದ್ಯಾರ್ಥಿಗಳ ಸಂಖ್ಯೆ 10,335ರಿಂದ 12,526ಕ್ಕೆ ಏರಿತು. ಶೇಕಡಾ ಲೆಕ್ಕದಲ್ಲಿ ಜಪಾನ್‌ನ ಏರಿಕೆಗಿಂತ ತುಸು ಕಡಿಮೆ, ಆದರೆ ಸಣ್ಣದೇನಲ್ಲ. ಈ ವರದಿ ಹೊರಬಂದದ್ದು 2021ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಎರಡನೇ ಅಲೆ ಬಂದು ಹೋಗಿತ್ತು, ಶಾಲೆಗಳು ಎರಡು ಸಲ ತೆರೆದಿದ್ದವು. 2022ರ ವರದಿ 2023ರ ಡಿಸೆಂಬರ್‌ನಲ್ಲಿ ಬಂತು, 2023ರದು 2025ರಲ್ಲಿ. ಆಸ್ಪತ್ರೆಯ ಹಾಸಿಗೆಗಳನ್ನು, ಕೊರೊನಾ ಪ್ರಕರಣಗಳನ್ನು ದಿನಕ್ಕೊಮ್ಮೆ ಎಣಿಸಿ ಸಂಜೆಯ ಹೊತ್ತಿಗೆ ಜಿಲ್ಲಾವಾರು ಪಟ್ಟಿ ಕೊಟ್ಟ ಇದೇ ಆಡಳಿತಕ್ಕೆ ಮಕ್ಕಳ ಆತ್ಮಹತ್ಯೆಯನ್ನು ತಿಂಗಳಿಗೊಮ್ಮೆ ಎಣಿಸುವುದು ಅಸಾಧ್ಯ ಎಂದರೆ ನಾನು ಒಪ್ಪುವುದಿಲ್ಲ. ಪ್ರತಿ ಅಸಹಜ ಸಾವಿಗೂ ಠಾಣೆಯಲ್ಲಿ ದಾಖಲೆ ಇದ್ದೇ ಇರುತ್ತದೆ. 2022ರ ನವೆಂಬರ್‌ನಲ್ಲಿ ಬಂದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ 2030ರೊಳಗೆ ಸಾವುಗಳನ್ನು ಶೇ 10ರಷ್ಟು ಇಳಿಸುವ ಗುರಿ ಇಟ್ಟುಕೊಂಡಿದೆ. ಎರಡು ವರ್ಷ ಹಳೆಯ ಅಂಕಿ ಹಿಡಿದುಕೊಂಡು ಅದನ್ನು ಹೇಗೆ ಅಳೆಯುತ್ತಾರೋ ನೋಡಬೇಕು.

ಆಗಿರುವ ಕೆಲಸವನ್ನೂ ಹೇಳಬೇಕು. ನಿಮ್ಹಾನ್ಸ್ 2020ರ ಲಾಕ್‌ಡೌನ್ ಮೊದಲ ದಿನಗಳಲ್ಲೇ ದೇಶಕ್ಕೊಂದು ಮನೋಸಾಮಾಜಿಕ ಸಹಾಯವಾಣಿ ತೆರೆಯಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ಗೂ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗು ‘ನಾನಿಲ್ಲದಿದ್ದರೆ ಒಳ್ಳೆಯದು’ ಎಂಬರ್ಥದ ಮಾತಾಡಿದರೆ, ಇಷ್ಟದ ವಸ್ತುಗಳನ್ನು ಸುಮ್ಮಸುಮ್ಮನೆ ಹಂಚತೊಡಗಿದರೆ, ಶಾಲೆ ಶುರುವಾಗುವ ಹಿಂದಿನ ರಾತ್ರಿಗಳಲ್ಲಿ ನಿದ್ದೆ ಊಟ ಬಿಟ್ಟರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬುದು ತಪ್ಪು ನಂಬಿಕೆ. ಹೌದು ಎಂದರೆ ಬುದ್ಧಿವಾದ ಹೇಳದೆ ಕೇಳಿಸಿಕೊಂಡು, ಮಗುವನ್ನು ಒಂಟಿಯಾಗಿ ಬಿಡದೆ, ಅಪಾಯಕಾರಿ ವಸ್ತುಗಳನ್ನು ಕೈಗೆ ಸಿಗದಂತೆ ದೂರವಿಟ್ಟು ವೈದ್ಯರ ಬಳಿ ಹೋಗಬೇಕು.

ಅಲೆ ಇಳಿದ ಮೇಲೆ

ಜಪಾನ್‌ನ ಶಾಲಾ ಮಕ್ಕಳ ಸಂಖ್ಯೆ 2021ರಲ್ಲಿ 473ಕ್ಕೆ ಇಳಿಯಿತು. 2022ರಲ್ಲಿ 514. 2023ರಲ್ಲಿ 513. ಮಾಸ್ಕ್‌ಗಳು ಹೋಗಿ, ಪ್ರವಾಸಗಳು ಮರಳಿ, ಕೋಶಿಯೆನ್ ಮೈದಾನ ತುಂಬಿ ತುಳುಕಿದ 2024ರಲ್ಲಿ 529, ಲೆಕ್ಕ ಶುರುವಾದಾಗಿನಿಂದ ಅದುವರೆಗಿನ ಗರಿಷ್ಠ. ದೇಶದ ಒಟ್ಟು ಆತ್ಮಹತ್ಯೆಗಳು ಅದೇ ವರ್ಷ 2019ರ ದಾಖಲೆ ಕನಿಷ್ಠದ ಹತ್ತಿರಕ್ಕೆ ಇಳಿದಿದ್ದವು. ಮಕ್ಕಳ ಜನಸಂಖ್ಯೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿರುವ ದೇಶವಿದು ಎಂಬುದನ್ನೂ ಇದರ ಜೊತೆ ಓದಬೇಕು. 2024ರಲ್ಲಿ ಹುಡುಗಿಯರ ಸಂಖ್ಯೆ ಹುಡುಗರನ್ನು ಮೀರಿತ್ತು. 2020ರ ಏರಿಕೆಯನ್ನು ಕೊರೊನಾದ ಖಾತೆಗೆ ಬರೆದು ಪುಸ್ತಕ ಮುಚ್ಚಬಹುದು ಎಂದುಕೊಂಡವರಿಗೆ ಈ ನಾಲ್ಕು ವರ್ಷಗಳು ಅವಕಾಶ ಕೊಟ್ಟಿಲ್ಲ.

2023ರ ಏಪ್ರಿಲ್‌ನಲ್ಲಿ ಮಕ್ಕಳು ಮತ್ತು ಕುಟುಂಬಗಳಿಗಾಗಿಯೇ ಹೊಸ ಇಲಾಖೆ ಬಂತು, ಜೂನ್‌ನಲ್ಲಿ ಮಕ್ಕಳ ಆತ್ಮಹತ್ಯೆ ತಡೆಯ ತುರ್ತು ಯೋಜನೆ. ಸಾಂಕ್ರಾಮಿಕದ ನಡುವೆ ತರಾತುರಿಯಲ್ಲಿ ಪ್ರತಿ ಮಗುವಿಗೂ ಒಂದೊಂದು ಟ್ಯಾಬ್ಲೆಟ್ ಕಂಪ್ಯೂಟರ್ ಹಂಚಿದ್ದರಲ್ಲ, ಅದರಲ್ಲೇ ದಿನದ ಮನಃಸ್ಥಿತಿ ದಾಖಲಿಸಿ ಅಪಾಯದ ಸೂಚನೆ ಹಿಡಿಯುವುದು ಅದರ ಒಂದು ಅಂಶ. ಬೆಳಗ್ಗೆ ಮಗು ಪರದೆಯ ಮೇಲೆ ಮಳೆಮೋಡದ ಚಿತ್ರ ಒತ್ತಿದರೆ ಶಿಕ್ಷಕರ ಪರದೆಯಲ್ಲಿ ಅದು ಕಾಣುವಂಥ ತಂತ್ರಾಂಶಗಳು ಬಂದಿವೆ. ಹಿಡಿಯುವುದೇನೋ ಸರಿ. ಜಪಾನ್‌ನ ಶಿಕ್ಷಕರು ಮಿತಿಮೀರಿದ ದುಡಿಮೆಗೆ ಹೆಸರಾದವರು, ಶಾಲೆಯ ಆಪ್ತ ಸಮಾಲೋಚಕರು ಬಹುತೇಕ ಕಡೆ ವಾರಕ್ಕೊಮ್ಮೆ ಕೆಲವು ಗಂಟೆಗಳಿಗಷ್ಟೇ ಬರುತ್ತಾರೆ. ಮಂಗಳವಾರ ಬೆಳಗ್ಗೆ ಕಂಡ ಮೋಡದ ಬಗ್ಗೆ ಶುಕ್ರವಾರ ಮಧ್ಯಾಹ್ನ ಕೇಳುವ ಏರ್ಪಾಡು ಎಷ್ಟು ಮಕ್ಕಳಿಗೆ ಸಾಕಾಗುತ್ತದೆ ಎಂಬುದನ್ನೂ ಅಲ್ಲಿನ ಮಾಸಿಕ ಪಟ್ಟಿಗಳಲ್ಲೇ ನೋಡಬೇಕು.